ಯಾವ ಪ್ರತಿ ಬೇಕು ನಿನಗೆ?

ಟೋಕಿಯೊ

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಬಂತು. ಹಿಂಗಾರಿ ಬೆಳೆಯ ಸುದ್ದಿ ಓದಿ ಸಮಾಧಾನವಾಯಿತು. ಅಮ್ಮನವರ ಆರೋಗ್ಯದ ಬಗ್ಗೆ ಇನ್ನೂ ವಿವರವಾಗಿ ಬರೆಯಬೇಕಿತ್ತು ನೀನು, ಮುಂದಿನ ಪತ್ರದಲ್ಲಿ ಮರೆಯಬೇಡ. ಹಳೆಯ ಅನಿಮೆ, ಅಂದರೆ ಜಪಾನೀ ಕಾರ್ಟೂನ್ ಚಿತ್ರಗಳು, ಎಲ್ಲಿ ಸಿಗುತ್ತವೆ ಎಂದು ಕೊನೆಯ ಪುಟದಲ್ಲಿ ಕೇಳಿರುವ ಪ್ರಶ್ನೆಗೆ ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸಲು ಮನಸ್ಸಾಗಲಿಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಇದೇ ಹುಡುಕಾಟದಲ್ಲಿರುವ ಇನ್ನೂ ನಾಲ್ಕು ಜನರಿಗೆ ಉಪಯೋಗವಾಗಲಿ ಎಂದು ಎಲ್ಲರೂ ಓದುವಂತೆ ಹಾಕುತ್ತಿದ್ದೇನೆ. ನಿನ್ನದೇನೂ ಅಭ್ಯಂತರ ಇರಲಾರದು.

ಚಿತ್ರಮಂದಿರದಲ್ಲಿ ಜಪಾನೀ ರಾಮಾಯಣ ನೋಡಿ ಬಂದು, "ಚಿತ್ರ ಅದೇ, ಆದರೆ ನಾವು ಚಿಕ್ಕಂದಿನಲ್ಲಿ ನೋಡಿದ್ದು ಇದಲ್ಲ" ಎಂದು ಬರೆದಿದ್ದೀಯ. ನಿನ್ನ ನೆನಪು ಸರಿಯಾಗಿಯೇ ಇದೆ. ಯೂಗೊ ಸಾಕೊ, ರಾಮ್ ಮೋಹನ್ ಮತ್ತು ಕೊಯಿಚಿ ಸಸಾಕಿ ಸೇರಿ ಮಾಡಿದ ಆ ಚಿತ್ರದ ಮೂಲ ಸಂಭಾಷಣೆ ಇಂಗ್ಲಿಷಿನದು. ಹಾಡುಗಳು ಸಂಸ್ಕೃತದವು, ಸಂಗೀತ ವನರಾಜ್ ಭಾಟಿಯಾ ಅವರದು. ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ನಾವು ಮತ್ತೆ ಮತ್ತೆ ನೋಡಿದ್ದು ಹಿಂದಿಗೆ ಡಬ್ ಆದ ಪ್ರತಿ. ಅದರಲ್ಲಿ ರಾಮನಿಗೆ ಅರುಣ್ ಗೋವಿಲ್, ರಾವಣನಿಗೆ ಅಮರೀಶ್ ಪುರಿ ದನಿ ಕೊಟ್ಟಿದ್ದರು, ಕಥೆ ಹೇಳಿದವರು ಶತ್ರುಘ್ನ ಸಿನ್ಹಾ. ಅಮೆರಿಕದವರು ಅದನ್ನೇ ಕತ್ತರಿಸಿ ಚಿಕ್ಕದು ಮಾಡಿ, ಜೇಮ್ಸ್ ಅರ್ಲ್ ಜೋನ್ಸ್ ಅವರ ನಿರೂಪಣೆ ಸೇರಿಸಿ, 'ದಿ ಪ್ರಿನ್ಸ್ ಆಫ್ ಲೈಟ್' ಎಂದು ಬೇರೆ ಹೆಸರಿಟ್ಟು ತಂದರು. 2025ರ ಜನವರಿ 24ರಂದು ನಮ್ಮ ಚಿತ್ರಮಂದಿರಗಳಿಗೆ ಬಂದದ್ದು 4ಕೆಯಲ್ಲಿ ಹೊಸದಾಗಿ ಸಿದ್ಧಗೊಂಡ ಚಿತ್ರ, ಅದರ ಹಿಂದಿ, ತಮಿಳು, ತೆಲುಗು ಧ್ವನಿಗಳೂ ಹೊಸವು. ಬಣ್ಣ ಮರಳಿ ಬಂತು, ಗೆರೆ ಮರಳಿ ಬಂತು, ಅಮರೀಶ್ ಪುರಿಯವರ ರಾವಣ ಮಾತ್ರ ಬರಲಿಲ್ಲ. ನೀನು ಕಳೆದುಕೊಂಡದ್ದು ಆ ದನಿಯನ್ನು.

ಹಾಗಾಗಿ 'ಚಿತ್ರ ಎಲ್ಲಿ ಸಿಗುತ್ತದೆ' ಎನ್ನುವುದಕ್ಕೆ ಮೊದಲು 'ಯಾವ ಪ್ರತಿ ಬೇಕು' ಎಂದು ಕೇಳಿಕೊಳ್ಳಬೇಕು. ಇಲ್ಲಿಗೆ ಬಂದು ಹಳೆಯ ಅನಿಮೆ ಹುಡುಕಲು ತೊಡಗಿದಾಗಿನಿಂದ ನನಗೆ ಎಲ್ಲಕ್ಕಿಂತ ಹೆಚ್ಚು ನೆರವಾಗಿರುವ ಪ್ರಶ್ನೆ ಇದೇ. ಒಂದು ಹೆಸರಿನ ಅಡಿಯಲ್ಲಿ ನಾಲ್ಕಾರು ಚಿತ್ರಗಳು ಅಡಗಿರುತ್ತವೆ. ಎಷ್ಟು ನಿಮಿಷದ್ದು, ಯಾವ ಭಾಷೆಯ ಧ್ವನಿ, ಯಾವ ಮೂಲದಿಂದ ತೆಗೆದದ್ದು, ಯಾರು ಬಿಡುಗಡೆ ಮಾಡಿದ್ದು ಎಂಬ ನಾಲ್ಕನ್ನೂ ಬರೆದಿಟ್ಟುಕೊಂಡು ಅಂಗಡಿಗೆ ಹೋಗಬೇಕು. ರಾಮಾಯಣದ ಪೂರ್ಣ ಪ್ರತಿ ಎರಡೂಕಾಲು ಗಂಟೆಯದು. ಹೊದಿಕೆಯ ಹಿಂಬದಿಯಲ್ಲಿ ಅದಕ್ಕಿಂತ ಬಹಳ ಕಡಿಮೆ ಸಮಯ ಕಂಡರೆ ಅದನ್ನು ಅಲ್ಲಿಯೇ ಬಿಟ್ಟು ಬಾ.

ಕತ್ತರಿ ಏನು ಮಾಡಬಲ್ಲದು ಎನ್ನುವುದಕ್ಕೆ ಮಿಯಾಜಾಕಿಯವರ 'ನೌಸಿಕಾ'ದ ಕಥೆ ಸಾಕು. 1984ರಲ್ಲಿ ಜಪಾನಿನಲ್ಲಿ ತೆರೆಕಂಡ ಚಿತ್ರ ಮರುವರ್ಷವೇ ಅಮೆರಿಕದಲ್ಲಿ 'ವಾರಿಯರ್ಸ್ ಆಫ್ ದಿ ವಿಂಡ್' ಆಯಿತು. ಇಪ್ಪತ್ತು ನಿಮಿಷಕ್ಕೂ ಹೆಚ್ಚು ಭಾಗ ಹೋಯಿತು, ಪಾತ್ರಗಳ ಹೆಸರು ಬದಲಾದವು, ಕಾಡು ಮತ್ತು ಮನುಷ್ಯರ ನಡುವಿನ ಸಂಬಂಧದ ಕಥೆ ಬರಿಯ ಕಾದಾಟವಾಗಿ ಉಳಿಯಿತು. ಅಮೆರಿಕದವರಿಗೆ ಪೂರ್ಣ ಚಿತ್ರದ ಡಿವಿಡಿ ಸಿಕ್ಕಿದ್ದು 2005ರಲ್ಲಿ. ತನ್ನ ಚಿತ್ರಗಳನ್ನು ಯಾರೂ ಕತ್ತರಿಸಕೂಡದು ಎಂದು ಮಿಯಾಜಾಕಿಯವರ ಸ್ಟುಡಿಯೊ ಘಿಬ್ಲಿ ಆಮೇಲೆ ಪಟ್ಟು ಹಿಡಿದದ್ದು ಈ ಪೆಟ್ಟಿನಿಂದಲೇ. ಆ ಕತ್ತರಿಸಿದ ಟೇಪನ್ನು ಇವತ್ತಿಗೂ ಹಣ ಕೊಟ್ಟು ಸಂಗ್ರಹಿಸುವವರಿದ್ದಾರೆ. ಅವರ ಪ್ರೀತಿ ಅವರಿಗೆ, ನನಗಂತೂ ಅದು ಬೇಡ.

ಹಕ್ಕು ಯಾರ ಕೈಯಲ್ಲಿದೆ ಎನ್ನುವುದೂ ಅಷ್ಟೇ ಮುಖ್ಯ. 'ಗ್ರೇವ್ ಆಫ್ ದಿ ಫೈರ್‌ಫ್ಲೈಸ್' ಘಿಬ್ಲಿಯ ಚಿತ್ರವಾಗಿದ್ದೂ ಉಳಿದ ಘಿಬ್ಲಿ ಚಿತ್ರಗಳ ಜೊತೆ ಏಕೆ ಸಿಗುತ್ತಿರಲಿಲ್ಲ ಎಂದು ನೀನೇ ಒಮ್ಮೆ ಕೇಳಿದ್ದೆ. ಅದಕ್ಕೆ ಹಣ ಹಾಕಿದ್ದು ಮೂಲ ಕಥೆಯನ್ನು ಪ್ರಕಟಿಸಿದ ಶಿಂಚೋಶಾ ಎಂಬ ಪುಸ್ತಕ ಪ್ರಕಾಶನ ಸಂಸ್ಥೆ. ಘಿಬ್ಲಿಯ ಬೆನ್ನಿಗಿದ್ದ ತೊಕುಮಾ ಸಂಸ್ಥೆ 1996ರಲ್ಲಿ ಡಿಸ್ನಿಯೊಂದಿಗೆ ಒಪ್ಪಂದ ಮಾಡಿಕೊಂಡಾಗ ಈ ಚಿತ್ರ ಆ ಒಪ್ಪಂದದ ಹೊರಗೇ ಉಳಿಯಿತು. ಅಮೆರಿಕದಲ್ಲಿ ಇದನ್ನು ತಂದಿದ್ದ ಸೆಂಟ್ರಲ್ ಪಾರ್ಕ್ ಮೀಡಿಯಾ 2009ರಲ್ಲಿ ದಿವಾಳಿಯಾಯಿತು, ಹಕ್ಕು ಬೇರೆಯವರ ಕೈಗೆ ಹೋಯಿತು. 2024ರ ಸೆಪ್ಟೆಂಬರಿನಲ್ಲಿ ನೆಟ್‌ಫ್ಲಿಕ್ಸ್ ಜಪಾನಿನ ಹೊರಗಿನ ದೇಶಗಳಲ್ಲಿ ಇದನ್ನು ತೋರಿಸತೊಡಗಿದಾಗ ಅನೇಕರು ಮೊದಲ ಬಾರಿಗೆ ನೋಡಿದರು.

ಸೆಂಟ್ರಲ್ ಪಾರ್ಕ್ ಮುಳುಗಿದ ಆಸುಪಾಸಿನಲ್ಲೇ ಅಮೆರಿಕದ ಇನ್ನೆರಡು ವಿತರಕರು, ಜೆನಿಯೋನ್ 2007ರಲ್ಲಿ, ಎಡಿವಿ 2009ರಲ್ಲಿ, ಅಂಗಡಿ ಮುಚ್ಚಿದರು. ವಿತರಕ ಮುಳುಗಿದರೆ ಅವನು ಮುದ್ರಿಸುತ್ತಿದ್ದ ಡಿಸ್ಕುಗಳೂ ನಿಲ್ಲುತ್ತವೆ. ಇಂಗ್ಲಿಷ್ ಸಬ್‌ಟೈಟಲ್ ಇರುವ ಎಷ್ಟೋ ಒಳ್ಳೆಯ ಚಿತ್ರಗಳು ಅಪರೂಪವಾದದ್ದು ಹೀಗೆ. ಅಂಥ ಚಿತ್ರ ಹುಡುಕುವಾಗ ಹಳೆಯ ವಿತರಕನ ಹೆಸರನ್ನೂ ಸೇರಿಸಿ ಹುಡುಕು, ಸಿಗುವ ಸಾಧ್ಯತೆ ಹೆಚ್ಚುತ್ತದೆ. ಇನ್ನೊಂದು ದೇಶದ ಬಾಗಿಲನ್ನೂ ತಟ್ಟು. ಘಿಬ್ಲಿಯ ಇನ್ನೊಬ್ಬ ನಿರ್ದೇಶಕ ತಕಾಹಾತಾ ಅವರ 'ಓನ್ಲಿ ಯೆಸ್ಟರ್‌ಡೇ' 1991ರ ಚಿತ್ರ. ಹಕ್ಕು ಡಿಸ್ನಿಯ ಬಳಿ ಇದ್ದರೂ ಅಮೆರಿಕದಲ್ಲಿ ಅದು ತೆರೆಕಂಡದ್ದು 2016ರಲ್ಲಿ, ಜಿಕಿಡ್ಸ್ ಸಂಸ್ಥೆಯ ಮೂಲಕ. ಬ್ರಿಟನ್ನಿನಲ್ಲಿ ಅದರ ಡಿವಿಡಿ ಎಷ್ಟೋ ಮೊದಲೇ ಬಂದಿತ್ತು.

ಈಗ ನೀನು ಕೇಳಿರುವ 'ಏಂಜಲ್ಸ್ ಎಗ್' ವಿಷಯ. ಮಾಮೊರು ಒಶಿ ನಿರ್ದೇಶಿಸಿ, ಯೊಶಿತಾಕಾ ಅಮಾನೊ ಚಿತ್ರರೂಪ ಕೊಟ್ಟ 71 ನಿಮಿಷದ ಈ ಚಿತ್ರ 1985ರಲ್ಲಿ ನೇರವಾಗಿ ವಿಡಿಯೊಗಾಗಿ ತಯಾರಾದದ್ದು. ಮಾತು ಬಹಳ ಕಡಿಮೆ. ದೊಡ್ಡ ಮೊಟ್ಟೆಯೊಂದನ್ನು ಮಡಿಲಲ್ಲಿಟ್ಟು ಕಾಯುವ ಹುಡುಗಿ, ಶಿಲುಬೆಯಂಥ ಆಯುಧ ಹೊತ್ತು ಬರುವ ಮನುಷ್ಯ, ಪಾಳುಬಿದ್ದ ನಗರ, ಗೋಡೆಗಳ ಮೇಲೆ ಈಜುವ ಮೀನಿನ ನೆರಳುಗಳನ್ನು ಬೆನ್ನಟ್ಟುವ ಬೆಸ್ತರು. ಆ ಕಾಲಕ್ಕೆ ಚಿತ್ರ ಸೋತಿತು, ಒಶಿಗೆ ಕೆಲಕಾಲ ಕೆಲಸವೇ ಸಿಗಲಿಲ್ಲ. ಅಮೆರಿಕದಲ್ಲಿ ಇದರ ತುಣುಕುಗಳಿಗೆ ನಟರ ದೃಶ್ಯಗಳನ್ನು ಬೆರೆಸಿ 1988ರಲ್ಲಿ 'ಇನ್ ದಿ ಆಫ್ಟರ್‌ಮಾತ್' ಎಂಬ ಬೇರೆಯೇ ಚಿತ್ರ ಮಾಡಿದರು. ಅದನ್ನು ಇದೆಂದು ತಿಳಿದು ಕೊಂಡು ಬಿಟ್ಟೀಯ, ಜೋಪಾನ.

ಹೊರದೇಶಗಳಲ್ಲಿ ಬಹುಕಾಲ ಇಂಥ ಚಿತ್ರಗಳನ್ನು ಉಳಿಸಿದ್ದು ಅಭಿಮಾನಿಗಳು. ಜಪಾನಿನಿಂದ ಲೇಸರ್ ಡಿಸ್ಕ್ ತರಿಸಿ, ಅಮಿಗಾ ಕಂಪ್ಯೂಟರಿನಲ್ಲಿ ಸಬ್‌ಟೈಟಲ್ ಬರೆದು ಚಿತ್ರದ ಮೇಲೆ ಕೂರಿಸಿ, ವಿಎಚ್‌ಎಸ್ ಟೇಪಿಗೆ ಇಳಿಸಿ ಅಂಚೆಯಲ್ಲಿ ಕಳಿಸುತ್ತಿದ್ದರು. ನಕಲಿನಿಂದ ನಕಲು ಮಾಡಿದಂತೆ ಚಿತ್ರ ಮಸುಕಾಗುತ್ತಿತ್ತು. ಮುಕ್ಕಾಲು ಪಾಲು ಕತ್ತಲಲ್ಲೇ ನಡೆಯುವ 'ಏಂಜಲ್ಸ್ ಎಗ್' ಅಂಥ ಟೇಪಿನಲ್ಲಿ ಕರಿಯ ರಾಡಿಯಾಗಿ ಕಾಣುತ್ತದೆ, ಅಮಾನೊ ಅವರ ಗೆರೆಗಳು ಅದರೊಳಗೆ ಮುಳುಗಿಹೋಗುತ್ತವೆ. ಆದರೂ ಆ ಜನರಿಗೆ ನಾನು ಋಣಿ. ಅವರು ಅಷ್ಟು ಹಚ್ಚಿಕೊಳ್ಳದೆ ಇದ್ದಿದ್ದರೆ ಚಿತ್ರದ ಹೆಸರು ಕೂಡ ನಮ್ಮವರೆಗೆ ಬರುತ್ತಿರಲಿಲ್ಲ. ಜಪಾನಿನಲ್ಲಿ 2013ರಲ್ಲಿ ಬ್ಲೂ-ರೇ ಬಂತು. ಒಶಿ ಅವರೇ ಮುಂದೆ ನಿಂತು ಮಾಡಿಸಿದ 4ಕೆ ಪ್ರತಿ 2025ರಲ್ಲಿ ಕಾನ್ ಚಿತ್ರೋತ್ಸವದ ಹಳೆಯ ಚಿತ್ರಗಳ ವಿಭಾಗದಲ್ಲಿ ಪ್ರದರ್ಶನಗೊಂಡಿತು. ನಲವತ್ತು ವರ್ಷ ಕಾದ ಚಿತ್ರಕ್ಕೆ ಇನ್ನಷ್ಟು ಕಾಯುವುದು ಕಷ್ಟವಲ್ಲ. ಹಳೆಯ ಟೇಪಿಗೆ ದುಬಾರಿ ಬೆಲೆ ಕೊಡಬೇಡ.

ಡಿಸ್ಕಿಗಾಗಿ ನಾನು ಹೋಗುವುದು ಹೆಚ್ಚಾಗಿ ಟೋಕಿಯೊದ ನಕಾನೊಗೆ. ನಿಲ್ದಾಣದ ಉತ್ತರಕ್ಕೆ ಮಾಡು ಹೊದಿಸಿದ ಅಂಗಡಿ ಬೀದಿ ಇದೆ, ಅದು ಮುಗಿಯುವಲ್ಲಿ 1966ರಲ್ಲಿ ತೆರೆದ ನಕಾನೊ ಬ್ರಾಡ್‌ವೇ ಕಟ್ಟಡ. ಹಳೆಯ ಕಾಮಿಕ್ ಪುಸ್ತಕಗಳ ಪುಟ್ಟ ಅಂಗಡಿಯಾಗಿ 1980ರಲ್ಲಿ ಇಲ್ಲಿ ಆರಂಭವಾದ ಮಂದರಾಕೆ ಈಗ ಹಲವು ಮಹಡಿಗಳಲ್ಲಿ ಹರಡಿಕೊಂಡಿದೆ. ಇಲ್ಲಿನ ಹಳೆಯ ಸಾಮಾನಿನ ಅಂಗಡಿಗಳಲ್ಲಿ ನನಗೆ ಬಹಳ ಹಿಡಿಸುವ ಗುಣವೊಂದಿದೆ. ಗೀರು ಬಿದ್ದಿದ್ದರೆ, ಪುಸ್ತಿಕೆ ಇಲ್ಲದಿದ್ದರೆ, ಹೊದಿಕೆಗೆ ಸುತ್ತಿದ ಕಾಗದದ ಪಟ್ಟಿ ಹರಿದಿದ್ದರೆ ಅದನ್ನು ಚೀಟಿಯಲ್ಲಿ ಬರೆದು ಅಂಟಿಸಿರುತ್ತಾರೆ. ಆ ಚೀಟಿಯನ್ನು ಪೂರ್ತಿ ಓದಿಯೇ ಕೊಳ್ಳಬೇಕು.

ಲೇಸರ್ ಡಿಸ್ಕ್ ಬೇಕೆಂದು ಹಟ ಹಿಡಿಯಬೇಡ ಎಂದು ಮೊದಲೇ ಹೇಳಿಬಿಡುತ್ತೇನೆ. ಊಟದ ತಟ್ಟೆಯಷ್ಟು ಅಗಲದ, 30 ಸೆಂಟಿಮೀಟರಿನ ಆ ಡಿಸ್ಕುಗಳ ಹೊದಿಕೆಯ ಚಿತ್ರಗಳು ಬಲು ಚೆಂದ, ಗೋಡೆಗೆ ಹಾಕುವಂತಿರುತ್ತವೆ. ಆದರೆ ಒಂದು ಬದಿಗೆ ಹೆಚ್ಚೆಂದರೆ ಒಂದು ಗಂಟೆಯ ಚಿತ್ರ. ಪದರಗಳನ್ನು ಹಿಡಿದಿಟ್ಟ ಅಂಟು ಸಡಿಲವಾಗಿ ಒಳಗಿನ ಅಲ್ಯುಮಿನಿಯಂ ಕೆಟ್ಟರೆ ತೆರೆಯ ತುಂಬ ಬಣ್ಣದ ಚುಕ್ಕೆಗಳು ಏಳುತ್ತವೆ, ಅದಕ್ಕೆ ಮದ್ದಿಲ್ಲ. ಪಯೊನೀರ್ ಕಂಪನಿ ಅದರ ಪ್ಲೇಯರುಗಳನ್ನು 2009ರಲ್ಲಿ ನಿಲ್ಲಿಸಿತು. ಟೇಪಿನ ಗತಿಯೂ ಅದೇ: ಕೊನೆಯವರೆಗೆ ವಿಸಿಆರ್ ಮಾಡುತ್ತಿದ್ದ ಫುನಾಯ್ 2016ರ ಜುಲೈಯಲ್ಲಿ ಕೈಬಿಟ್ಟಿತು. ಇದ್ದ ಯಂತ್ರ ಕೆಟ್ಟರೆ ರಿಪೇರಿ ಮಾಡುವವರು ಇಲ್ಲಿಯೇ ಕಡಿಮೆ, ನಿನ್ನ ಊರಿನಲ್ಲಿ ಯಾರನ್ನು ಹುಡುಕುತ್ತೀಯ?

ನಕಲಿ ಡಿಸ್ಕುಗಳ ಬಗ್ಗೆ ನನಗೆ ನಿಜವಾಗಿ ಸಿಟ್ಟಿದೆ. ಅಭಿಮಾನಿಗಳ ಟೇಪಿನ ಹಿಂದೆ ಚಿತ್ರದ ಮೇಲಿನ ಪ್ರೀತಿ ಇತ್ತು. ಇವರು ಅಸಲಿ ಎಂದು ಹೇಳಿ ಅಸಲಿಯ ಬೆಲೆಗೇ ಮಾರುತ್ತಾರೆ. ಒಬ್ಬ ನಿರ್ದೇಶಕನ ಎಲ್ಲ ಚಿತ್ರಗಳೂ ಒಂದೇ ಪೆಟ್ಟಿಗೆಯಲ್ಲಿ, ಎಲ್ಲ ದೇಶಗಳಲ್ಲೂ ಓಡುತ್ತದೆ ಎಂಬ ಮಾತು, ಅರ್ಥವೇ ಆಗದ ಇಂಗ್ಲಿಷ್ ಸಬ್‌ಟೈಟಲ್, ಇವು ಒಟ್ಟಿಗೆ ಕಂಡರೆ ದೂರ ಸರಿ. ಜಪಾನಿನ ಅಸಲಿ ಡಿವಿಡಿಯ ಮೇಲೆ ಪುಟ್ಟ ಗೋಳದ ಗುರುತಿನಲ್ಲಿ 2 ಎಂಬ ಅಂಕಿ ಇರುತ್ತದೆ, ಅದು ಆ ಡಿಸ್ಕು ಓಡುವ ವಲಯದ ಸಂಖ್ಯೆ.

ಇಷ್ಟೆಲ್ಲ ಏಕೆ ಎಂದು ನಿನಗೆ ಅನ್ನಿಸಬಹುದು. 'ಮೊಮೊತಾರೊ' ಎಂಬ ಹಳೆಯ ಚಿತ್ರದ ಕಥೆ ಹೇಳುತ್ತೇನೆ ಕೇಳು. 1945ರ ಏಪ್ರಿಲ್, ಜಪಾನಿನ ನಗರಗಳ ಮೇಲೆ ಬಾಂಬು ಬೀಳುತ್ತಿದ್ದ ಕಾಲ. ನೌಕಾಪಡೆಯ ಇಲಾಖೆ ಹೇಳಿ ಮಾಡಿಸಿದ, ಮಿತ್ಸುಯೊ ಸೆಯೊ ನಿರ್ದೇಶನದ 74 ನಿಮಿಷದ ಅನಿಮೇಷನ್ ಚಿತ್ರ ಆಗ ಬಿಡುಗಡೆಯಾಯಿತು. ಜಪಾನಿನ ಮೊದಲ ಪೂರ್ಣ ಪ್ರಮಾಣದ ಅನಿಮೆ ಚಿತ್ರ ಅದು. ನಗರದ ಮಕ್ಕಳನ್ನೆಲ್ಲ ಹಳ್ಳಿಗಳಿಗೆ ಸಾಗಿಸಿದ್ದರಿಂದ ನೋಡಿದವರು ಕಡಿಮೆ. ಒಸಾಕಾದಲ್ಲಿ ಸುಟ್ಟ ಬೀದಿಗಳ ನಡುವೆ ಉಳಿದಿದ್ದ ಚಿತ್ರಮಂದಿರದಲ್ಲಿ ಅದನ್ನು ನೋಡಿ ಕಣ್ಣೀರಿಟ್ಟ 16 ವರ್ಷದ ಹುಡುಗನ ಹೆಸರು ಒಸಾಮು ತೆಜುಕಾ, ಮುಂದೆ ಜಪಾನಿನ ಕಾಮಿಕ್ ಮತ್ತು ಅನಿಮೆಯ ದೊಡ್ಡ ಹೆಸರಾದವರು. ಯುದ್ಧ ಮುಗಿದ ಮೇಲೆ ಪ್ರತಿಗಳೆಲ್ಲ ಸುಟ್ಟುಹೋದವೆಂದೇ ಜನ ನಂಬಿದ್ದರು. 1982ರಲ್ಲಿ ಶೋಚಿಕು ಸಂಸ್ಥೆಯ ಓಫುನಾ ಉಗ್ರಾಣದಲ್ಲಿ ಅದರ ನೆಗೆಟಿವ್ ಸಿಕ್ಕಿತು. 1984ರಲ್ಲಿ ಮತ್ತೆ ಪ್ರದರ್ಶನಗೊಂಡಿತು, 2016ರಲ್ಲಿ ಜೀರ್ಣೋದ್ಧಾರಗೊಂಡು ಕಾನ್ ತಲುಪಿತು, ಮುಂದೆ ಬ್ಲೂ-ರೇ ಆಗಿ ಮನೆಗಳಿಗೂ ಬಂತು.

ಅದು ಯುದ್ಧಪ್ರಚಾರದ ಚಿತ್ರ. ದ್ವೀಪದ ಪ್ರಾಣಿಗಳಿಗೆ ಜಪಾನೀ ಅಕ್ಷರ ಕಲಿಸುವ ದೃಶ್ಯ ಚೆಂದವಾಗಿದೆ, ಆ ಚೆಂದವೇ ನನಗೆ ಹಿಂಸೆಯಾಯಿತು. ಅದಕ್ಕೆಂದೇ ಅದು ಉಳಿಯಬೇಕಿತ್ತು. ತೆಜುಕಾ ಎಲ್ಲಿಂದ ಬಂದರು, ಯಾವುದರ ಜೊತೆ ಬದುಕಿಡೀ ಸೆಣಸಿದರು ಎನ್ನುವುದು ಈ ಚಿತ್ರವಿಲ್ಲದೆ ಪೂರ್ತಿ ತಿಳಿಯದು. ಉಗ್ರಾಣದ ಆ ಡಬ್ಬಿಗಳನ್ನು ಯಾರಾದರೂ ಹಳೆಯ ಕಸವೆಂದು ಎಸೆದಿದ್ದರೆ ನಮ್ಮ ಬಳಿ ತೆಜುಕಾರ ನೆನಪು ಮಾತ್ರ ಉಳಿದಿರುತ್ತಿತ್ತು. ನಾಳೆ ಒಪ್ಪಂದ ಮುಗಿದರೆ ಫೋನಿನ ತೆರೆಯಿಂದ ಮಾಯವಾಗುವ ಚಿತ್ರಗಳ ಮಧ್ಯೆ, ಕೈಯಲ್ಲಿ ಹಿಡಿಯುವಂಥ ಪ್ರತಿಯೊಂದನ್ನು ಕೆಲವರಾದರೂ ಇಟ್ಟುಕೊಂಡಿರಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಆ ಹಿಂದಿ ರಾಮಾಯಣವನ್ನು ಹೊಸಬರಿಂದ ಕೊಳ್ಳುವ ಮೊದಲು ನಿನ್ನ ಸುತ್ತಲೇ ವಿಚಾರಿಸು. ಟಿವಿಯಿಂದ ಟೇಪಿಗೆ ಇಳಿಸಿಕೊಂಡವರು ಆ ಕಾಲದಲ್ಲಿ ಬಹಳ ಮಂದಿ ಇದ್ದರು. ಯಾರ ಮನೆಯ ಅಟ್ಟದಲ್ಲಾದರೂ ಟೇಪು ಸಿಕ್ಕಿದರೆ ಕೂಡಲೇ ಯಂತ್ರಕ್ಕೆ ಹಾಕಬೇಡ. ಬಿಳಿ ಬೂಷ್ಟು ಹಿಡಿದಿದೆಯೇ ಎಂದು ಬೆಳಕಿಗೆ ಹಿಡಿದು ನೋಡು, ಹಿಡಿದಿದ್ದರೆ ಯಂತ್ರವೂ ಕೆಡುತ್ತದೆ, ಟೇಪೂ ಹರಿಯುತ್ತದೆ. ನೇರವಾಗಿ ಇರಿಸಿ, ಬಿಸಿಲು ತಾಗದ ಕಡೆ ಇಡು. ಊರಿಗೆ ಬಂದಾಗ ಇಬ್ಬರೂ ಸೇರಿ ಬೆಂಗಳೂರಿಗೆ ಒಯ್ದು ಕಂಪ್ಯೂಟರಿಗೆ ಇಳಿಸಿಕೊಳ್ಳೋಣ.

'ಓನ್ಲಿ ಯೆಸ್ಟರ್‌ಡೇ' ಒಂದನ್ನು ನಿನಗಾಗಿ ಎತ್ತಿಟ್ಟಿದ್ದೇನೆ. ಟೋಕಿಯೊ ಕಚೇರಿಯ ಕೆಲಸಕ್ಕೆ ರಜೆ ಹಾಕಿ ಯಾಮಾಗಾತಾದ ಹೊಲಕ್ಕೆ ಹೋಗುವ 27 ವರ್ಷದ ತಾಯೆಕೊಳ ಕಥೆ ಅದು. ಆ ಹೊಲದಲ್ಲಿ ಅವಳು ಬಿಡಿಸುವುದು ಕುಸುಬೆಯ ಹೂವು. ಅವರದು ಬಣ್ಣಕ್ಕೆ, ನಿಮ್ಮದು ಎಣ್ಣೆಗೆ. ನಸುಕಿನಲ್ಲಿ, ಇಬ್ಬನಿಗೆ ಮುಳ್ಳು ಮೆತ್ತಗಿರುವಾಗಲೇ ಬಿಡಿಸುವ ಆ ದೃಶ್ಯವನ್ನು ಅಪ್ಪಾಜಿಯವರಿಗೆ ತಪ್ಪದೆ ತೋರಿಸು. ಘಿಬ್ಲಿಯ ಜಪಾನೀ ಬ್ಲೂ-ರೇಗಳಲ್ಲಿ ಸಾಮಾನ್ಯವಾಗಿ ಇಂಗ್ಲಿಷ್ ಸಬ್‌ಟೈಟಲ್ ಇರುತ್ತದೆ, ಭಾಷೆಯ ತೊಂದರೆ ಆಗದು. ಒಂದೇ ತೊಡಕು ವಲಯದ್ದು, ಅಂದರೆ ಇಂತಿಂಥ ದೇಶಗಳ ಪ್ಲೇಯರಿನಲ್ಲಿ ಮಾತ್ರ ಡಿಸ್ಕು ಓಡುವಂತೆ ಹಾಕಿದ ಬೀಗದ್ದು: ಬ್ಲೂ-ರೇಯಲ್ಲಿ ಜಪಾನ್ 'ಎ' ವಲಯ, ಭಾರತ 'ಸಿ'. ಡಿವಿಡಿಯಾದರೆ ಜಪಾನ್ 2, ನಾವು 5. 4ಕೆ ಡಿಸ್ಕುಗಳಿಗೆ ಈ ಬೀಗವಿಲ್ಲ, ಆದರೆ ನಿನ್ನದು 4ಕೆ ಪ್ಲೇಯರ್ ಅಲ್ಲ ಎಂದು ನೆನಪು. ಅದರ ಹಿಂಬದಿಯಲ್ಲಿರುವ ಮಾದರಿ ಸಂಖ್ಯೆಯನ್ನು ಬರೆದು ಕಳಿಸು, ಎಲ್ಲ ವಲಯಗಳೂ ಓಡುತ್ತವೆಯೇ ಎಂದು ನಾನು ನೋಡುತ್ತೇನೆ. ಓಡದಿದ್ದರೆ ಡಿಸ್ಕಿನ ಜೊತೆಗೆ ಇಲ್ಲಿಂದಲೇ ಒಂದು ಹಳೆಯ ಪ್ಲೇಯರನ್ನೂ ತರುತ್ತೇನೆ. ಅದು 100 ವೋಲ್ಟಿನದು, ಅದಕ್ಕೊಂದು ಟ್ರಾನ್ಸ್‌ಫಾರ್ಮರನ್ನು ಅಲ್ಲಿಯೇ ನೋಡಿಟ್ಟಿರು.

ನಿನ್ನ,
ಗೆಳೆಯ