ಕೆರೆ ನೀರಿನ ಚರ್ಚೆ ಬಗ್ಗೆ ಒಂದು ಮಾತು

ಎಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯ ನೀರಿನ ಬಗ್ಗೆ ನಿನ್ನೆ ರಾತ್ರಿ ಈ ಗುಂಪಿನಲ್ಲಿ ನಡೆದ ಜಗಳ ಓದಿ ತುಂಬಾ ಬೇಜಾರಾಯಿತು. 2018ರಲ್ಲಿ ಈ ನೀರು ಲಕ್ಷ್ಮೀಸಾಗರ ಕೆರೆಗೆ ಬಂದಾಗಿನಿಂದ ಕೋಲಾರದಲ್ಲಿ ಈ ಮಾತು ನಿಂತಿಲ್ಲ. ಚರ್ಚೆ ಆಗಲೇಬೇಕು. ಆದರೆ ಹೀಗಲ್ಲ.

ಒಬ್ಬರು ಕೇಳಿದ್ದು ಇಷ್ಟೇ: "ಎರಡು ಹಂತದ ಶುದ್ಧೀಕರಣ ಸಾಕಾ? ಮೂರನೇ ಹಂತವೂ ಬೇಕಲ್ವಾ?" ಬಂದ ಉತ್ತರ: "ಹಾಗಾದ್ರೆ ನಮ್ಮ ರೈತರು ಹಾಳಾಗಿ ಹೋಗಲಿ ಅಂತೀರಾ?" ಅವರು ಹಾಗೆ ಹೇಳಲೇ ಇಲ್ಲ. ಹೇಳದ ಮಾತನ್ನು ಬಾಯಿಗೆ ತುರುಕಿ ಬೈಯುವುದು ಉತ್ತರವಲ್ಲ. ನೀರೂ ಬೇಕು, ಅದು ಶುದ್ಧವಾಗಿಯೂ ಇರಬೇಕು ಎನ್ನಬಹುದು. ಎರಡರಲ್ಲಿ ಒಂದನ್ನೇ ಆರಿಸಿ ಎಂದು ಕಟ್ಟಿಹಾಕಬೇಡಿ. ಆಮೇಲೆ "ನೀವು ಬೆಂಗಳೂರಲ್ಲಿ ಕೂತವರು, ನಿಮಗೇನು ಗೊತ್ತು" ಅಂತ ಬಂತು. ಅವರು ಎಲ್ಲೇ ಕೂತಿರಲಿ, ಪ್ರಶ್ನೆ ಹಾಗೇ ಉಳಿಯಿತಲ್ಲ.

ಇನ್ನೊಂದು ಮಾತೂ ಬಂತು: "ಈ ನೀರು ಬಂದ ಮೇಲೆ ಟೊಮೆಟೊ ಎಲೆ ಮುದುರಿತು, ನೀರೇ ಕಾರಣ." ಎಲೆ ಮುದುರು ರೋಗದ ವೈರಸ್ ಹರಡುವುದು ಬಿಳಿನೊಣದಿಂದ. ಒಂದರ ಹಿಂದೆ ಇನ್ನೊಂದು ಬಂದ ಮಾತ್ರಕ್ಕೆ ಮೊದಲನೆಯದೇ ಕಾರಣ ಅಲ್ಲ. ಈ ನೀರಿನಿಂದಲೇ ಕೊಳವೆಬಾವಿಯಲ್ಲಿ ನೀರು ಏರಿತು ಅನ್ನುವವರಿಗೂ ಇದೇ ಮಾತು. 2021ರಲ್ಲಿ ಮಳೆಯೂ ಜೋರಾಗಿತ್ತು, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ನೀರಿನ ಪರೀಕ್ಷೆ ವರದಿ ಇದ್ದರೆ ಪೂರ್ತಿ ಹಾಕಿ. ಕೆರೆ ಹೆಸರು, ಮಾದರಿ ತೆಗೆದ ತಿಂಗಳು ಕಾಣಬೇಕು. ಅರ್ಧ ಪುಟದ ಫೋಟೋ ಸುಮ್ನೆ ಹಾಕಬೇಡಿ.

ನಿನ್ನೆ ಪ್ರಶ್ನೆ ಕೇಳಿದವರು ಗುಂಪು ಬಿಟ್ಟಿದ್ದಾರೆ. ಇವತ್ತು ಸಂಜೆ ಫೋನ್ ಮಾಡಿ ನಾನೇ ವಾಪಸ್ ಕರೆಯುತ್ತೇನೆ.