ಸಿದ್ಧತೆ ಇಲ್ಲದಿದ್ದುದು ಯಾರಿಗೆ?

ಸಂಪಾದಕರೇ,

ಶನಿವಾರದ ಡಿಜಿಟಲ್ ಚಿತ್ರಕಲಾ ಸ್ಪರ್ಧೆಯ ವರದಿಯನ್ನು ನಿಮ್ಮ ಪತ್ರಿಕೆಯಲ್ಲಿ ಓದಿ ಮೈ ಉರಿಯಿತು. ‘ಮಕ್ಕಳಲ್ಲಿ ಸಿದ್ಧತೆ ಸಾಲದು’ ಎಂದು ಅಧಿಕಾರಿಗಳು ಹೇಳಿದ್ದಾರಂತೆ. ಆ ಮಕ್ಕಳಲ್ಲಿ ಆರು ಜನರನ್ನು ಕರೆದುಕೊಂಡು ಹೋದವಳು ನಾನು.

ಬೆಳಿಗ್ಗೆ ಆರರ ಬಸ್ಸು ಹಿಡಿದೆವು. ಒಂಬತ್ತಕ್ಕೆ ಶುರು ಎಂದಿದ್ದರು, ಬೀಗ ತೆಗೆದದ್ದು ಹತ್ತೂಮುಕ್ಕಾಲಿಗೆ. ಅಲ್ಲಿಯವರೆಗೆ ಮಕ್ಕಳು ಬಿಸಿಲಲ್ಲಿ, ಮೆಟ್ಟಿಲ ಮೇಲೆ. ಒಳಗೆ ಹೋದ ಮೇಲೆ ಗೊತ್ತಾಯಿತು, ಎಲ್ಲ ಕಂಪ್ಯೂಟರಿನಲ್ಲೂ ಚಿತ್ರ ಬಿಡಿಸಲು ಇರುವುದು ಫೋಟೋಶಾಪ್ ತಂತ್ರಾಂಶ ಒಂದೇ, ಚಿತ್ರವೂ ಅದರದೇ ಪಿಎಸ್‌ಡಿ ಫೈಲಿನಲ್ಲೇ ಇರಬೇಕು. ಸುತ್ತೋಲೆಯಲ್ಲಿ ಇದರ ಬಗ್ಗೆ ಒಂದಕ್ಷರ ಇರಲಿಲ್ಲ. ಅರ್ಧ ಮನೆಯಲ್ಲಿ ಮಾಡಿ ತನ್ನಿ, ಉಳಿದದ್ದು ಇಲ್ಲಿ ಮುಗಿಸಿ ಎಂದಷ್ಟೇ ಇತ್ತು.

ನಮ್ಮ ಶಾಲೆಯಲ್ಲಿ ಕಲಿಸುವುದು ಜಿಂಪ್ ಎಂಬ ಬೇರೆ ತಂತ್ರಾಂಶ. ಅದಕ್ಕೆ ದುಡ್ಡು ಕೊಡಬೇಕಿಲ್ಲ. ಫೋಟೋಶಾಪಿನ ಹೊಸ ಆವೃತ್ತಿಗಳು 2013ರಿಂದ ಚಂದಾ ಕಟ್ಟಿದವರಿಗೆ ಮಾತ್ರ. ಆ ಚಂದಾ ನಮಗೆ ಯಾರು ಕಟ್ಟುತ್ತಾರೆ? ಮನೆಯಲ್ಲಿ ಮಕ್ಕಳಿಗೆ ಸಿಗುವ ತಂತ್ರಾಂಶಗಳೇ ಬೇರೆ. ಒಬ್ಬಳಿಗೆ ಅಣ್ಣನ ಲ್ಯಾಪ್‌ಟಾಪಿನಲ್ಲಿ ಕ್ರಿಟಾ. ಕೆಲವರಿಗೆ ಅಮ್ಮನ ಫೋನಿನಲ್ಲಿ ಐಬಿಸ್ ಪೇಂಟ್. ಫೋಟೋ ಸ್ಟುಡಿಯೊದವರ ಮಗನಿಗೆ ಫೋಟೋಶಾಪ್. ಅದರಲ್ಲಿ ಕಂಟ್ರೋಲ್ ಡಿ ಒತ್ತಿದರೆ ಸೆಲೆಕ್ಷನ್, ಅಂದರೆ ಆರಿಸಿಕೊಂಡ ಭಾಗದ ಗುರುತು, ಹೋಗುತ್ತದೆ. ಜಿಂಪಿನಲ್ಲಿ ಅದನ್ನೇ ಒತ್ತಿದರೆ ಇಡೀ ಚಿತ್ರದ ಇನ್ನೊಂದು ಪ್ರತಿ ತೆರೆಯುತ್ತದೆ. ಆ ಹುಡುಗ ಒಂದು ದಿನ ಒಂಬತ್ತು ಪ್ರತಿ ತೆರೆದುಕೊಂಡು ಕೂತಿದ್ದ, ಕಂಪ್ಯೂಟರು ನಿಂತೇ ಹೋಯಿತು. ಅವತ್ತಿನಿಂದ ಯಾವ ಕೀಲಿ ಒತ್ತಬೇಕು ಎಂದು ಕಲಿಸುವುದನ್ನು ಕಡಿಮೆ ಮಾಡಿದೆ. ಒಂದರ ಮೇಲೊಂದು ಇಡುವ ಪಾರದರ್ಶಕ ಹಾಳೆಯಂಥ ಲೇಯರ್ ಎಂದರೆ ಏನು, ಅದರ ಒಂದು ಭಾಗವನ್ನು ಮರೆಮಾಡುವ ಮಾಸ್ಕ್ ಯಾಕೆ ಬೇಕು, ನೆರಳನ್ನು ಬೇರೆ ಲೇಯರಿನಲ್ಲಿ ಇಟ್ಟರೆ ಏನು ಅನುಕೂಲ, ಇಷ್ಟು ತಿಳಿದರೆ ಯಾವುದರಲ್ಲಾದರೂ ಬಿಡಿಸಬಹುದು. ಹೊಸ ತಂತ್ರಾಂಶಕ್ಕೆ ಕೈ ಕೂರಲು ಒಂದು ವಾರ ಬೇಕು, ಅಷ್ಟೇ. ಆ ಒಂದು ವಾರವನ್ನೇ ಇವರು ಕೊಡಲಿಲ್ಲ.

ಎಂಟನೇ ತರಗತಿಯ ಹುಡುಗಿ ಅಜ್ಜಿ ರೊಟ್ಟಿ ಬಡಿಯುವುದನ್ನು ಬಿಡಿಸಿದ್ದಳು. ಬಳೆಗೆ ಮೆತ್ತಿದ ಹಿಟ್ಟು, ಅರ್ಧ ಮುಖಕ್ಕೆ ಒಲೆಯ ಬೆಳಕು. ಹದಿನಾಲ್ಕು ಲೇಯರ್, ಎರಡು ವಾರದ ಕೆಲಸ. ಆ ಕ್ರಿಟಾ ಫೈಲು ಅಲ್ಲಿ ತೆರೆಯಲೇ ಇಲ್ಲ. ಕ್ರಿಟಾದಲ್ಲೂ ಜಿಂಪಿನಲ್ಲೂ ಪಿಎಸ್‌ಡಿ ಮಾಡಿಕೊಳ್ಳಬಹುದು ಸ್ವಾಮಿ. ಹಿಂದಿನ ದಿನ ಒಂದು ಫೋನ್ ಮಾಡಿದ್ದರೆ ಐದು ನಿಮಿಷದ ಕೆಲಸ. ಪೆನ್‌ಡ್ರೈವಿನಲ್ಲಿ ಪಿಎನ್‌ಜಿ ಇದೆ, ಎಲ್ಲಿ ಬೇಕಾದರೂ ತೆರೆಯುವ ಮಾಮೂಲಿ ಚಿತ್ರದ ಫೈಲು, ಅದನ್ನಾದರೂ ನೋಡಿ ಎಂದೆ. ‘ರೂಲ್ಸ್ ಅಂದ್ರೆ ರೂಲ್ಸ್ ಮೇಡಂ’ ಎಂದರು. ಹೊಸದಾಗಿ ಶುರು ಮಾಡಮ್ಮ ಎಂದು ಕೂರಿಸಿದೆ. ಶಾಲೆಯ ರೂಢಿಯಂತೆ ಬ್ರಷ್ಷಿಗೆ ಪಿ ಒತ್ತಿದಳು. ಬಂದದ್ದು ಪೆನ್ ಟೂಲ್. ಬಣ್ಣ ಹಚ್ಚಲು ಹೋದಲ್ಲೆಲ್ಲ ಬರೀ ಚುಕ್ಕಿ, ಗೆರೆ. ಕೆಳಗೆ ಹೆಸರು ಬರೆದರೆ ‘ಅಜ್ಜಿ’ಯ ಒತ್ತು ಕೆಳಗೆ ಕೂರದೆ ಪಕ್ಕಕ್ಕೆ ಸಿಡಿಯಿತು. ಆ ಹಳೇ ಫೋಟೋಶಾಪಿನಲ್ಲಿ ಕನ್ನಡದ ಒತ್ತಕ್ಷರ ಸರಿಯಾಗಿ ಮೂಡುತ್ತದಾ ಎಂದು ಒಬ್ಬರೂ ನೋಡಿಲ್ಲ. ಜಿಂಪಿನಲ್ಲಿ ಸರಿಯಾಗಿಯೇ ಮೂಡುತ್ತದೆ. ಅಷ್ಟರಲ್ಲಿ ಕರೆಂಟು ಹೋಯಿತು, ಬಿಡಿಸಿದ್ದೂ ಹೋಯಿತು. ವಾಪಸ್ ಬರುವಾಗ ಅವಳು ಬಸ್ಸಿನಲ್ಲಿ ಒಂದು ಮಾತೂ ಆಡಲಿಲ್ಲ.

ಇದೇನು ಹೊಸದಾ? ನಮ್ಮ ಲ್ಯಾಬಿಗೆ ಯುಪಿಎಸ್ ಬ್ಯಾಟರಿ ಕೇಳಿ ಎರಡು ವರ್ಷ ಆಯಿತು. ಪಕ್ಕದ ಊರಿನ ಶಾಲೆಯಲ್ಲಿ ಚಿತ್ರಕಲಾ ಮೇಷ್ಟ್ರು ನಿವೃತ್ತರಾಗಿ ನಾಲ್ಕು ವರ್ಷ, ಹುದ್ದೆ ಇನ್ನೂ ಖಾಲಿ. ದೊಡ್ಡವರು ಬರುವ ದಿನ ರಂಗೋಲಿ ಹಾಕಿಸಲು, ಸ್ವಾಗತದ ಬೋರ್ಡು ಬರೆಸಲು ಮಾತ್ರ ನಾವು ನೆನಪಾಗುತ್ತೇವೆ. ಗಣತಿಗೂ ನಾವೇ ಬೇಕು. ಪಕ್ಕದ ಕೇರಳದಲ್ಲಿ ಶಾಲೆಗಳಿಗೆ ಯಾರು ಬೇಕಾದರೂ ಬಳಸಬಹುದಾದ ಮುಕ್ತ ತಂತ್ರಾಂಶ ಹಾಕಿ, ಚಿತ್ರ ಬಿಡಿಸುವ ಜಿಂಪ್, ಇಂಕ್‌ಸ್ಕೇಪ್ ಎರಡನ್ನೂ ಪಠ್ಯದಲ್ಲೇ ಕಲಿಸುತ್ತಾ ಬಂದಿದ್ದಾರೆ. ಅಲ್ಲಿ ಆಗುವುದು ಇಲ್ಲಿ ಯಾಕೆ ಆಗಲ್ಲ?

ಒಂದೋ ಎಲ್ಲ ಶಾಲೆಗೂ ಒಂದೇ ತಂತ್ರಾಂಶ ಕೊಡಿ. ಇಲ್ಲವೇ ಯಾವುದರಲ್ಲಿ ಬಿಡಿಸಿದರೂ ತೆಗೆದುಕೊಳ್ಳಿ. ಸ್ಪರ್ಧೆ ಮತ್ತೆ ನಡೆಸಬೇಕು. ಹತ್ತೂಮುಕ್ಕಾಲಿಗೆ ಬೀಗ ತೆಗೆದವರು ಮಕ್ಕಳ ಸಿದ್ಧತೆಯ ಬಗ್ಗೆ ಆಡಿದ ಮಾತನ್ನು ನಿಮ್ಮ ಪತ್ರಿಕೆಯಲ್ಲೇ ವಾಪಸ್ ತೆಗೆದುಕೊಳ್ಳಲಿ, ಸ್ವಲ್ಪವಾದರೂ ನಾಚಿಕೆ ಇದ್ದರೆ. ಬ್ಯಾಟರಿಯನ್ನೂ ಬೇಗ ಕಳಿಸಲಿ.

ಒಬ್ಬ ಚಿತ್ರಕಲಾ ಶಿಕ್ಷಕಿ