ಮಾಹಿತಿಗೊಬ್ಬ ಹೊಣೆಗಾರ ಬೇಕು

ಸಂಪಾದಕರಿಗೆ ನಮಸ್ಕಾರ.

ಮಾಹಿತಿ ಕಳವಾದ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಯಾವ ಕಳ್ಳನೂ ಬರದೆ, ಸಂಸ್ಥೆಯ ಒಳಗೇ ಮಾಹಿತಿ ಕೆಡುವ ಬಗ್ಗೆ ಮಾತ್ರ ಯಾರೂ ಜಾಸ್ತಿ ಮಾತಾಡುವುದಿಲ್ಲ. ನಾನು 26 ವರ್ಷ ರೆಕಾರ್ಡ್ ರೂಮಿನಲ್ಲಿ ದುಡಿದವಳು. ಅದಕ್ಕೇ ಈ ಪತ್ರ.

ನಮ್ಮ ಸಂಸ್ಥೆಯಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರು ನಿವೃತ್ತರಾದರು. ಹಳೆಯ ರಿಜಿಸ್ಟರಿನಲ್ಲಿ ಅವರು ಕೆಲಸಕ್ಕೆ ಸೇರಿದ ದಿನ 05-06-1986 ಎಂದಿತ್ತು. ಸಂಬಳ ವಿಭಾಗದವರು ಅದನ್ನು ಮೇ 6 ಎಂದು ಎಕ್ಸೆಲ್‌ಗೆ ಹಾಕಿಕೊಂಡಿದ್ದರು. ಸಿಬ್ಬಂದಿ ವಿಭಾಗದವರ ಫೈಲಿನಲ್ಲಿ ಜೂನ್ 5. ಇಬ್ಬರೂ ತಮ್ಮದೇ ಸರಿ ಎಂದರು. ಯಾವುದು ಸರಿ ಎಂದು ಹೇಳುವ ಹೊಣೆ ಯಾರದ್ದೂ ಆಗಿರಲಿಲ್ಲ. ಅವರ ಪಿಂಚಣಿ ಏಳು ತಿಂಗಳು ನಿಂತುಹೋಯಿತು. ವಾರವಾರ ಬಂದು ನಮ್ಮ ಬಾಗಿಲಲ್ಲಿ ನಿಲ್ಲುತ್ತಿದ್ದ ಅವರ ಮುಖ ಇನ್ನೂ ಕಣ್ಣ ಮುಂದಿದೆ.

ಮೊದಲು ವರ್ಷ, ಆಮೇಲೆ ತಿಂಗಳು, ಕೊನೆಗೆ ದಿನ ಬರೆಯಿರಿ ಎಂದು ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆಯ ಐಎಸ್‌ಒ 8601 ಮಾನದಂಡ 1988ರಲ್ಲೇ ಹೇಳಿದೆ. 2001ರಲ್ಲಿ ಬಂದ ಐಎಸ್‌ಒ 15489 ದಾಖಲೆಗಳ ಬಗ್ಗೆಯೇ ಇದೆ. ದಾಖಲೆ ಅಸಲಿಯಾಗಿರಬೇಕು, ನಂಬುವಂತಿರಬೇಕು, ಅನುಮತಿ ಇಲ್ಲದೆ ಯಾರೂ ತಿದ್ದಿರಬಾರದು, ಬೇಕಾದಾಗ ಸಿಗಬೇಕು. ಇಷ್ಟೇ ಅದರ ತಿರುಳು. ಆದರೆ ಇವನ್ನೆಲ್ಲ ನಡೆಸಿಕೊಡುವವರು ಯಾರು? ಪ್ರತಿ ಮಾಹಿತಿಯ ಎದುರು ಒಬ್ಬರ ಹೆಸರಿರಬೇಕು. ಕಂಪ್ಯೂಟರ್ ವಿಭಾಗದ ಹೆಸರು ಬರೆದರೆ ಸಾಲದು. ಅವರು ಪೆಟ್ಟಿಗೆ ಕಾಯುತ್ತಾರೆ, ಒಳಗಿರುವುದು ನಿಜವೋ ಅಲ್ಲವೋ ಅವರಿಗೆ ಗೊತ್ತಾಗುವುದು ಹೇಗೆ? ತಪ್ಪು ಕಂಡವರು ತಮ್ಮ ಪ್ರತಿಯನ್ನು ಸುಮ್ನೆ ತಿದ್ದಿಕೊಳ್ಳದೆ ಆ ಹೊಣೆಗಾರರಿಗೆ ಹೇಳಬೇಕು. ಅವರು ಮೂಲದಲ್ಲೇ ತಿದ್ದಿ, ಯಾವಾಗ, ಯಾಕೆ ತಿದ್ದಿದೆವೆಂದು ಬರೆದಿಡಬೇಕು.

ಮಾಹಿತಿ ಕೈಯಿಂದ ಕೈಗೆ ಹೋಗುವಾಗಲೂ ಅಷ್ಟೇ. ಹಳೆಯ ಎಕ್ಸೆಲ್ ಫೈಲಿನಲ್ಲಿ 65,536 ಸಾಲುಗಳಷ್ಟೇ ಹಿಡಿಯುತ್ತವೆ. 2020ರಲ್ಲಿ ಇಂಗ್ಲೆಂಡಿನಲ್ಲಿ ಇದೇ ಕಾರಣಕ್ಕೆ 15,841 ಕೋವಿಡ್ ಪ್ರಕರಣಗಳು ದಿನದ ಲೆಕ್ಕದಿಂದ ಬಿಟ್ಟುಹೋಗಿದ್ದವು. ಕಳಿಸಿದ್ದೆಷ್ಟು, ತಲುಪಿದ್ದೆಷ್ಟು ಎಂದು ಎಣಿಸುವುದು ಸಣ್ಣ ಕೆಲಸವಲ್ಲ.

ಇನ್ನೊಂದು ರೋಗ, ‘ಇರಲಿ ಬಿಡಿ, ಯಾವಾಗಲಾದರೂ ಬೇಕಾಗುತ್ತೆ’ ಎನ್ನುವುದು. ಕೆಲಸ ಸಿಗದೆ ವಾಪಸ್ ಹೋದವರ ಗುರುತಿನ ಚೀಟಿ, ಅಂಕಪಟ್ಟಿಗಳ ನಕಲು ಹತ್ತಾರು ವರ್ಷ ನಮ್ಮ ಬೀರುವಿನಲ್ಲಿ ಯಾಕಿರಬೇಕು? ಅವರು ನಂಬಿ ಕೊಟ್ಟ ಕಾಗದಗಳಲ್ವಾ ಅವು? ಯುರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ ಕಾನೂನು, ಅಗತ್ಯ ಮುಗಿದ ಮೇಲೆ ಜನರ ವೈಯಕ್ತಿಕ ಮಾಹಿತಿ ಇಟ್ಟುಕೊಳ್ಳಬಾರದು ಎನ್ನುತ್ತದೆ. ಯಾವುದನ್ನು ಎಷ್ಟು ವರ್ಷ ಇಡಬೇಕು ಎಂಬ ಪಟ್ಟಿ ಪ್ರತಿ ಸಂಸ್ಥೆಯಲ್ಲೂ ಇರಲಿ. ಅವಧಿ ಮುಗಿದದ್ದನ್ನು ನಾಶ ಮಾಡಿ ಸಹಿ ಹಾಕುವವರೂ ಇರಲಿ.

ನಮ್ಮ ಸಹೋದ್ಯೋಗಿಯ ನೇಮಕಾತಿ ಪತ್ರ ಕೊನೆಗೆ ಸಿಕ್ಕಿದ್ದು ಅಂಥದೇ ಹಳೆಯ ಅರ್ಜಿಗಳ ರಾಶಿಯ ಅಡಿಯಲ್ಲಿ. ಪೆಟ್ಟಿಗೆಯ ಮೇಲೆ ‘ಇತರೆ’ ಎಂದು ಬರೆದಿತ್ತು. ಪತ್ರದಲ್ಲಿ ತಿಂಗಳನ್ನು ಅಕ್ಷರದಲ್ಲೇ ಬರೆದಿದ್ದರು: ಜೂನ್.

– ರೆಕಾರ್ಡ್ ರೂಮಿನ ನಿವೃತ್ತ ನೌಕರಳು